ಭೀಮಾತೀರದಿಂದ ಭೂಪ್ರದಕ್ಷಿಣೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿಬಿಟ್ಟರು. ಹೇಳುವುದೇನೋ ಸುಲಭ. ಕೋಶವನ್ನು ವಾಚನಾಲಯದಿಂದ ಎರವಲು ತರಬಹುದು. ದೇಶ ಸುತ್ತುವುದಕ್ಕೆ ಬೇಕಾದ ಹಣ, ರಜೆ, ದೇಹಬಲ, ರಹದಾರಿಪತ್ರ ಇವೆಲ್ಲವೂ ಸಂಸಾರವಂದಿಗನಿಗೆ ಏಕಕಾಲದಲ್ಲಿ ಕೂಡಿಬರುವ ಯೋಗ ಬಲು ಅಪರೂಪ. ಈ ಸಂಕಟಕ್ಕೆ ಪುರಾಣಕಾಲದಲ್ಲೇ ಒಬ್ಬ ಬುದ್ಧಿವಂತ ಪರಿಹಾರ ಕಂಡುಕೊಂಡಿದ್ದ. ತಮ್ಮನಾದ ಷಣ್ಮುಖ ನವಿಲನ್ನೇರಿ ಲೋಕವನ್ನೆಲ್ಲ ಸುತ್ತಿಬರುವಷ್ಟರಲ್ಲಿ ಡೊಳ್ಳುಹೊಟ್ಟೆಯ ಗಣಪ ತಂದೆತಾಯಿಯರಿಗೆ ಒಂದು ಪ್ರದಕ್ಷಿಣೆ ಹಾಕಿ ಪಂದ್ಯ ಗೆದ್ದ ಕಥೆ ಮಕ್ಕಳಿಗೂ ಗೊತ್ತು. ನವಿಲೂ ಇಲ್ಲದೆ, ವಿಮಾನವೂ ಇಲ್ಲದೆ, ಮನೆಯ ಹೊಸಿಲು ದಾಟದೆ ಭೂಮಂಡಲವನ್ನು ಸುತ್ತುವ ಗಣಪನ ಆ ಜಾಣ್ಮೆ ಈಗ ಯಾರಿಗೂ ಸಾಧ್ಯವಾಗಿದೆ. ಆದರೆ ಈ ಸಂಚಾರದಲ್ಲಿ ಕಣ್ಣಿಗೆ ಕೆಲಸವಿಲ್ಲ. ಎಲ್ಲವೂ ಕಿವಿಯದೇ ಕಾರುಬಾರು.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲೆ ಘತ್ತರಗಿ ಎಂಬ ಊರಿದೆ. ಭಾಗ್ಯವಂತಿ ದೇವಿಯ ಗುಡಿಯಿಂದ ಅದು ಹೆಸರಾದದ್ದು. ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆಂದು ಬಂದವರು ಘತ್ತರಗಿಗೂ ಹೋಗಿ ತಾಯಿಗೆ ಉಡಿ ತುಂಬಿ ಬರುವುದುಂಟು. ಜನ ಅಲ್ಲಿಗೆ ಬರುತ್ತಾರೆ, ಅಲ್ಲಿಂದಲೂ ಹೊರಡುತ್ತಾರೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ದುಡಿಯುವ ಮಂದಿ ಪುಣೆ, ಮುಂಬಯಿಗಳ ದಾರಿ ಹಿಡಿಯುವುದು ಹಳೆಯ ರೂಢಿ. ಹೀಗೆ ಹೊಟ್ಟೆಪಾಡಿಗಾಗಿ ದೇಶ ಸುತ್ತಿದವರುಂಟು. ಕುತೂಹಲಕ್ಕಾಗಿ ಸುತ್ತುವ ಸೌಭಾಗ್ಯ ಎಷ್ಟು ಮಂದಿಗೆ? ಈಗ ಆ ಊರಿನ ಪಡಸಾಲೆಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಅಂಗೈಯಗಲದ ಮೊಬೈಲನ್ನು ಮುಟ್ಟಿದನೆಂದರೆ ನ್ಯೂಜಿಲೆಂಡಿನ ಹಕ್ಕಿಯ ಕೂಗು ಅವನಿಗೆ ಕೇಳಿಸುತ್ತದೆ. ಇದು ಅಂತರಜಾಲ ಬಾನುಲಿಯ ಮಹಿಮೆ.

ಮುಳ್ಳು ತಿರುಗಿಸಿದ ಕಾಲ

ಮನೆಯೊಳಗೆ ಲೋಕವನ್ನು ತರುವ ಈ ಹಂಬಲ ಕನ್ನಡನಾಡಿಗೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಪ್ರಾರಂಭಿಸಿದರು. ಅವರ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್. ಒಂದು ಸಾಧಾರಣ ವಿದ್ಯುದ್ದೀಪ ಉರಿಯುವುದಕ್ಕೆ ಬೇಕಾದಷ್ಟು ಎನ್ನಬಹುದು. ಆ ಪುಟ್ಟ ನಿಲಯಕ್ಕೆ ದೊರೆತ ಹೆಸರು ಮಾತ್ರ ಬಹು ದೊಡ್ಡದಾಯಿತು. ‘ಆಕಾಶವಾಣಿ’ ಎಂಬ ಆ ಹೆಸರನ್ನು 1950ರ ದಶಕದ ಉತ್ತರಾರ್ಧದಲ್ಲಿ ಇಡೀ ಭಾರತದ ಬಾನುಲಿ ಸಂಸ್ಥೆಯೇ ತನ್ನದಾಗಿಸಿಕೊಂಡಿತು. ಒಬ್ಬ ಅಧ್ಯಾಪಕರ ಮನೆಯಲ್ಲಿ ಹುಟ್ಟಿದ ಕೂಸು ದೇಶಕ್ಕೇ ಹೆಸರು ಕೊಟ್ಟಿತು!

ಭೀಮಾತೀರ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. 1948ರಲ್ಲಿ ಆ ಸಂಸ್ಥಾನ ಭಾರತದಲ್ಲಿ ಸೇರಿತು. 1950ರಲ್ಲಿ ಧಾರವಾಡಕ್ಕೊಂದು ಬಾನುಲಿ ಕೇಂದ್ರ ಬಂದಿತು. ಆಗ ಗುಲಬರ್ಗಾ ಎಂದೇ ಕರೆಸಿಕೊಳ್ಳುತ್ತಿದ್ದ ಕಲಬುರಗಿಗೆ ತನ್ನದೇ ಆದ ನಿಲಯ ದೊರೆತದ್ದು 1966ರಲ್ಲಿ. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ಎಂಬ ಪುಟ್ಟ ಪೆಟ್ಟಿಗೆ ರೇಡಿಯೋವನ್ನು ಸಾಹುಕಾರರ ದಿವಾನಖಾನೆಯಿಂದ ಬಿಡಿಸಿ ರೈತನ ಹೆಗಲಿಗೇರಿಸಿತ್ತು. ಆಕಾಶದಿಂದ ಬಿಟ್ಟಿಯಾಗಿ ಬರುವ ದನಿಯನ್ನು ಕೇಳುವುದಕ್ಕೂ ಅಂಚೆಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲ ಅದು. ಆ ಕಟ್ಟಳೆ 1980ರ ದಶಕದಲ್ಲಿ ರದ್ದಾಯಿತು.

ದೂರದೇಶದ ನಿಲಯಗಳನ್ನು ಹಿಡಿಯುವುದು ಆಗ ಒಂದು ತಪಸ್ಸೇ ಆಗಿತ್ತು. 1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಭಾರತದ ಕಿವಿಗಳೆಲ್ಲ ಸಿಲೋನಿನತ್ತ ತಿರುಗಿದವು. ಅದೇ ವರ್ಷ ಪ್ರಾರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮದಲ್ಲಿ ಅಮೀನ್ ಸಯಾನಿಯವರ ದನಿ ಕೇಳಿಸಿತೆಂದರೆ ಬೀದಿ ಬರಿದಾಗುತ್ತಿತ್ತು. 1957ರಲ್ಲಿ ವಿವಿಧಭಾರತಿ ಹುಟ್ಟಿಕೊಂಡದ್ದು ಈ ಸಿಲೋನ್ ಮೋಹಕ್ಕೆ ಉತ್ತರವಾಗಿ. ಇನ್ನು ಲಂಡನ್, ಮಾಸ್ಕೋ, ವಾಷಿಂಗ್ಟನ್ನುಗಳ ಸುದ್ದಿ ಬೇಕಾದವರು ತಂತಿಯನ್ನು ಮಾಳಿಗೆಯ ತುದಿಗೆ ಕಟ್ಟಿ, ಕೂದಲೆಳೆಯಷ್ಟು ಮುಳ್ಳು ಸರಿಸಿ, ಗರಗರ ಸದ್ದಿನ ನಡುವೆ ದನಿಯನ್ನು ಹೆಕ್ಕಿ ತೆಗೆಯುತ್ತಿದ್ದರು. ಪರದೇಶದ ನಿಲಯಕ್ಕೆ ‘ನಿಮ್ಮ ಪ್ರಸಾರ ನಮ್ಮೂರಲ್ಲಿ ಇಂಥ ದಿನ, ಇಷ್ಟು ಹೊತ್ತಿಗೆ, ಇಷ್ಟು ಸ್ಪಷ್ಟವಾಗಿ ಕೇಳಿಸಿತು’ ಎಂದು ಬರೆದು ಹಾಕಿದರೆ ಅಲ್ಲಿಂದ ಬಣ್ಣದ ಸ್ವೀಕೃತಿಪತ್ರ ಬರುತ್ತಿತ್ತು. ಅಂಚೆಯಣ್ಣ ತಂದ ಆ ಕಾರ್ಡನ್ನು ಗೋಡೆಗೆ ಅಂಟಿಸಿಟ್ಟು ನೆಂಟರಿಗೆ ತೋರಿಸಿದವರು ಕಡಮೆಯೇನಲ್ಲ.

ಆಕಾಶವಾಣಿಯಲ್ಲ, ಪಾತಾಳವಾಣಿ!

ಹಳೆಯ ಹ್ರಸ್ವತರಂಗದ ಬಾನುಲಿ ನಿಜವಾಗಿಯೂ ಬಾನಿನಿಂದಲೇ ಇಳಿದುಬರುತ್ತಿತ್ತು. ಭೂಮಿಯಿಂದ ಬಹಳ ಎತ್ತರದಲ್ಲಿ ವಿದ್ಯುತ್ಕಣಗಳಿಂದ ತುಂಬಿದ ವಾಯುಪದರವೊಂದುಂಟು. ಮೇಲೆ ಹೊರಟ ಅಲೆ ಅದಕ್ಕೆ ತಾಗಿ ಬಾಗಿ ಮರಳಿ ನೆಲಕ್ಕೆ ಇಳಿಯುತ್ತದೆ. ನೆಲದಿಂದ ಪುಟಿದು ಮತ್ತೆ ಮೇಲೇರುತ್ತದೆ. ಹೀಗೆ ಚೆಂಡಿನಂತೆ ಕುಪ್ಪಳಿಸುತ್ತ ಸಾವಿರಾರು ಮೈಲಿ ಕ್ರಮಿಸುತ್ತದೆ. ಆ ಪದರ ಹಗಲಿಗೊಂದು ಬಗೆ, ಇರುಳಿಗೊಂದು ಬಗೆ. ಸೂರ್ಯನ ಮೇಲೆ ಕ್ಷೋಭೆಯೆದ್ದರೆ ಭೂಮಿಯ ಮೇಲೆ ರೇಡಿಯೋ ತೊದಲುತ್ತಿತ್ತು.

ಅಂತರಜಾಲ ಬಾನುಲಿಯ ದಾರಿಯೇ ಬೇರೆ. ನಿಲಯದಲ್ಲಿ ಆಡಿದ ಮಾತನ್ನು ಅಲ್ಲಿಯ ಗಣಕಯಂತ್ರ ಕ್ಷಣಕ್ಷಣಕ್ಕೂ ಅಳೆದು ಅಂಕೆಗಳಾಗಿ ಮಾರ್ಪಡಿಸುತ್ತದೆ. ಕಿವಿಗೆ ಗೊತ್ತಾಗದ ಅಂಶಗಳನ್ನು ತೆಗೆದುಹಾಕಿ ಆ ರಾಶಿಯನ್ನು ಕುಗ್ಗಿಸಿ, ಸಣ್ಣಸಣ್ಣ ಪೊಟ್ಟಣ ಕಟ್ಟಿ ಸಾಗಹಾಕುತ್ತದೆ. ಆ ಪೊಟ್ಟಣಗಳು ಸಮುದ್ರದ ತಳದಲ್ಲಿ ಹಾಸಿದ ಗಾಜಿನೆಳೆಯ ಕೇಬಲುಗಳ ಮೂಲಕ ಬೆಳಕಿನ ಮಿಂಚಾಗಿ ಹರಿದು ಮುಂಬಯಿಯಲ್ಲೋ ಚೆನ್ನೈಯಲ್ಲೋ ದಡ ಹತ್ತುತ್ತವೆ. ಅಲ್ಲಿಂದ ನೆಲದೊಳಗಿನ ತಂತಿಗಳಲ್ಲಿ ಬಂದು, ಕಡೆಯ ಒಂದೆರಡು ಮೈಲಿಯನ್ನು ಮಾತ್ರ ಊರಿನ ಮೊಬೈಲ್ ಗೋಪುರದಿಂದ ಗಾಳಿಯಲ್ಲಿ ದಾಟುತ್ತವೆ. ಸಾಗರತಳದಿಂದ ಬರುವ ಈ ದನಿಯನ್ನು ಪಾತಾಳವಾಣಿ ಎಂದರೂ ಸಲ್ಲುತ್ತದೆ.

ಇದರ ಖರ್ಚೆಷ್ಟು ಎಂದು ಗೃಹಿಣಿಯರು ಕೇಳುವುದು ಸಹಜ. ಸೆಕೆಂಡಿಗೆ 64 ಕಿಲೋಬಿಟ್ ಪ್ರಮಾಣದ ಸಾಧಾರಣ ಪ್ರಸಾರವನ್ನು ಒಂದು ಗಂಟೆ ಕೇಳಿದರೆ ಸುಮಾರು 29 ಮೆಗಾಬೈಟ್ ಡೇಟಾ ಕರಗುತ್ತದೆ. ಅದರ ಇಮ್ಮಡಿ ಗುಣದ ಪ್ರಸಾರಕ್ಕೆ ಸುಮಾರು 58. ಚಲಚ್ಚಿತ್ರ ನೋಡುವ ವೆಚ್ಚದ ಮುಂದೆ ಇದು ಉಪ್ಪಿನಕಾಯಿಯಷ್ಟೆ. ಒಂದು ಸಣ್ಣ ದೋಷ ಮಾತ್ರ ಉಂಟು. ಪೊಟ್ಟಣಗಳು ಹಿಂದುಮುಂದಾಗಿ ಬಂದರೂ ಮಾತು ತುಂಡಾಗದಿರಲೆಂದು ಯಂತ್ರ ಸ್ವಲ್ಪ ಸರಕನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ಹೊರಬಿಡುತ್ತದೆ. ಆದಕಾರಣ ಜಾಲದ ಬಾನುಲಿ ಸದಾ ಕೆಲವು ಸೆಕೆಂಡು ಹಿಂದೆ. 1924ರಿಂದ ಬಿಬಿಸಿ ಬಿತ್ತರಿಸುತ್ತ ಬಂದಿರುವ ಸಮಯಸೂಚಕ ಸದ್ದುಗಳನ್ನು ಮೊಬೈಲಿನಲ್ಲಿ ಕೇಳಿ ಗಡಿಯಾರ ಸರಿಪಡಿಸಿಕೊಂಡವನ ಗಡಿಯಾರ ಸರಿಯಾಗಿ ತಪ್ಪಾಗಿರುತ್ತದೆ.

ಈ ವಿದ್ಯೆಯ ವಯಸ್ಸು ಮೂವತ್ತು ವರ್ಷಕ್ಕಿಂತ ತುಸು ಹೆಚ್ಚು. 1994ರ ನವೆಂಬರಿನಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಎಂಬಲ್ಲಿಯ ವಿದ್ಯಾರ್ಥಿಗಳ ನಿಲಯವೊಂದು ತನ್ನ ಪ್ರಸಾರವನ್ನು ಅಂತರಜಾಲದಲ್ಲೂ ಹರಿಯಬಿಟ್ಟಿತು. ಇಂಥ ಸಾಹಸ ಮಾಡಿದ ಮೊದಲ ಬಾನುಲಿ ನಿಲಯಗಳಲ್ಲಿ ಅದೊಂದು. 2016ರಲ್ಲಿ ನೆದರ್ಲೆಂಡಿನವರು ‘ರೇಡಿಯೋ ಗಾರ್ಡನ್’ ಎಂಬ ಚಮತ್ಕಾರವನ್ನು ಲೋಕದ ಮುಂದಿಟ್ಟರು. ಪರದೆಯ ಮೇಲೆ ಭೂಗೋಳವೊಂದು ತೇಲುತ್ತದೆ; ಅದರ ಮೈತುಂಬ ಹಸಿರು ಚುಕ್ಕಿಗಳು. ಪ್ರತಿಯೊಂದು ಚುಕ್ಕಿಯೂ ಒಂದೊಂದು ಊರು. ಗೋಳವನ್ನು ಬೆರಳಿನಿಂದ ತಿರುಗಿಸಿ ಚುಕ್ಕಿಯ ಮೇಲೆ ನಿಲ್ಲಿಸಿದರೆ ಆ ಊರಿನ ನಿಲಯ ಆ ಗಳಿಗೆಯಲ್ಲಿ ನುಡಿಯುತ್ತಿರುವುದು ಕೇಳಿಸುತ್ತದೆ. ಶಾಲೆಯ ಭೂಗೋಳ ಮಾತು ಕಲಿತಂತೆ! ನಮ್ಮ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ತಾಣದಲ್ಲಿಯೂ ಆಕಾಶವಾಣಿಯ ಇನ್ನೂರಕ್ಕೂ ಮಿಕ್ಕಿದ ವಾಹಿನಿಗಳು ಒಂದೆಡೆ ದೊರೆಯುತ್ತವೆ.

ಒಂದು ದಿನದ ಯಾತ್ರೆ

ಘತ್ತರಗಿಯಿಂದ ಈ ಯಾತ್ರೆಗೆ ಹೊರಡುವವನು ಮೊದಲು ಗಡಿಯಾರದೊಡನೆ ಸ್ನೇಹ ಬೆಳೆಸಬೇಕು. ಲೋಕದಲ್ಲಿ ಯಾವಾಗಲೂ ಎಲ್ಲೋ ಒಂದೆಡೆ ಬೆಳಗಾಗುತ್ತಿರುತ್ತದೆ.

ಇಲ್ಲಿ ಕೋಳಿ ಕೂಗುವ ಹೊತ್ತಿಗೆ ಲಂಡನ್ನಿನಲ್ಲಿ ನಡುರಾತ್ರಿ ಕಳೆದಿರುತ್ತದೆ. ಆಗ ಬಿಬಿಸಿಯ ನಾಲ್ಕನೆಯ ವಾಹಿನಿ ಹಡಗುಗಳಿಗಾಗಿ ಕಡಲಿನ ಹವಾವಾರ್ತೆ ಓದುತ್ತದೆ. ಬ್ರಿಟನ್ನಿನ ಸುತ್ತಲಿನ ಸಮುದ್ರಭಾಗಗಳ ಹೆಸರು ವೈಕಿಂಗ್, ಡಾಗರ್, ಫಿಷರ್ ಎಂದು ಒಂದೊಂದಾಗಿ ಬರುತ್ತವೆ. ಒಂದೊಂದರಲ್ಲೂ ಗಾಳಿ ಎತ್ತಣದು, ಮಂಜು ಎಷ್ಟು ಎಂಬ ವರದಿ. ಕಡಲನ್ನೇ ಕಾಣದ ಆಂಗ್ಲರೂ ಈ ವಾರ್ತೆಯನ್ನು ಜೋಗುಳದಂತೆ ಕೇಳಿ ನಿದ್ದೆಹೋಗುತ್ತಾರಂತೆ. ಭಾನುವಾರ ಬೆಳಗ್ಗೆಯಾದರೆ ಅಮೆರಿಕದ ನ್ಯಾಶ್‌ವಿಲ್ ಪಟ್ಟಣದತ್ತ ಹೊರಳಬಹುದು. ಅಲ್ಲಿನ್ನೂ ಶನಿವಾರದ ಸಂಜೆ. 1925ರಿಂದ ನಡೆದುಬಂದಿರುವ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹಳ್ಳಿಗಾಡಿನ ಸಂಗೀತಸಭೆ ಆ ಹೊತ್ತಿಗೆ ರಂಗೇರಿರುತ್ತದೆ. ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ನಮ್ಮ ಭಜನೆಯ ಏಕತಾರಿಗೂ ಅವರ ಬ್ಯಾಂಜೋ ವಾದ್ಯಕ್ಕೂ ಎಲ್ಲೋ ನಂಟಸ್ತನ ಇರುವಂತೆ ಕಿವಿಗೆ ತೋರುತ್ತದೆ.

ಹಗಲಿನಲ್ಲಿ ಆಸ್ಟ್ರೇಲಿಯ. ಅಲ್ಲಿಯ ಎಸ್‌ಬಿಎಸ್ ಎಂಬ ಸಾರ್ವಜನಿಕ ಸಂಸ್ಥೆ ವಲಸೆ ಬಂದವರಿಗೆಂದು ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಕಾರ್ಯಕ್ರಮ ಸಿದ್ಧಪಡಿಸುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಸಿಡ್ನಿ, ಮೆಲ್ಬರ್ನುಗಳ ಮನೆಬಾಡಿಗೆ, ಶಾಲೆ, ಕಾನೂನುಗಳ ವಿಚಾರ ಕನ್ನಡದಲ್ಲಿ ಕೇಳಿಸಿದಾಗ, ಮಗಳನ್ನೋ ಮಗನನ್ನೋ ಅಲ್ಲಿಗೆ ಕಳುಹಿಸಿದ ತಾಯಿಗೆ ಆ ದೂರದ ಖಂಡ ಒಮ್ಮೆಲೆ ನೆರೆಮನೆಯಂತಾಗುತ್ತದೆ. ಸಂಜೆಗೆ ಬೆಂಗಳೂರು, 2016ರ ಗಣರಾಜ್ಯೋತ್ಸವದ ದಿನ ಆಕಾಶವಾಣಿ ಪ್ರಾರಂಭಿಸಿದ ‘ರಾಗಂ’ ವಾಹಿನಿ ಹಿಂದೂಸ್ಥಾನಿ, ಕರ್ನಾಟಕ ಎಂಬ ಎರಡೂ ಪದ್ಧತಿಗಳ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದದ್ದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರನ್ನು ಹಡೆದ ನಾಡಿನವರಿಗೆ ಇದಕ್ಕಿಂತ ಬೇರೆ ಸಂಜೆ ಬೇಕೆ?

ಇನ್ನು ನಡುರಾತ್ರಿ. ಊರೆಲ್ಲ ಮಲಗಿರುವಾಗ ನ್ಯೂಜಿಲೆಂಡಿನಲ್ಲಿ ಬೆಳಗಿನ ಏಳು ಗಂಟೆ. ಋತುವಿಗೆ ತಕ್ಕಂತೆ ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆಯೋ ಹನ್ನೆರಡೂವರೆಯೋ ಆಗಿರುತ್ತದೆ. ಅಲ್ಲಿಯ ರಾಷ್ಟ್ರೀಯ ಬಾನುಲಿ ಬೆಳಗಿನ ವಾರ್ತೆಗೆ ಮುನ್ನ ಆ ದ್ವೀಪಗಳ ಹಕ್ಕಿಯೊಂದರ ಕೂಗನ್ನು ಕೇಳಿಸುವ ಚೆಲುವಾದ ಸಂಪ್ರದಾಯವನ್ನಿಟ್ಟುಕೊಂಡಿದೆ. ಆ ಹಕ್ಕಿಗಳನ್ನು ನೋಡಬೇಕಾದರೆ ಲಕ್ಷಾಂತರ ರೂಪಾಯಿ ಬೇಕು. ಕೇಳುವುದಕ್ಕೆ ಎಚ್ಚರವಾಗಿದ್ದರೆ ಸಾಕು.

ಹಾಗೆಂದು ಎಲ್ಲ ಬಾಗಿಲುಗಳೂ ತೆರೆದಿವೆಯೆಂದು ತಿಳಿಯಬಾರದು. ಜಪಾನಿನಲ್ಲಿ 1928ರಿಂದ ಬಾನುಲಿಯಲ್ಲಿ ಬೆಳಗಿನ ವ್ಯಾಯಾಮ ಹೇಳಿಕೊಡುವ ಕಾರ್ಯಕ್ರಮವಿದೆ. ಪಿಯಾನೋ ನಾದಕ್ಕೆ ಮುದುಕರು ಮಕ್ಕಳೆನ್ನದೆ ಕೈಕಾಲು ಆಡಿಸುತ್ತಾರೆ. ಆದರೆ ಅಲ್ಲಿಯ ಎನ್‌ಎಚ್‌ಕೆ ಸಂಸ್ಥೆ ತನ್ನ ಸ್ವದೇಶಿ ವಾಹಿನಿಗಳ ಜಾಲಪ್ರಸಾರವನ್ನು ಜಪಾನಿನೊಳಗಷ್ಟೇ ಬಿಟ್ಟಿದೆ. 2022ರಲ್ಲಿ ಬ್ರಿಟನ್ನಿನ ಕೇಳುಗರಿಗೆ ರೇಡಿಯೋ ಗಾರ್ಡನ್ ಮೂಲಕ ಪರದೇಶದ ನಿಲಯಗಳು ಸಿಗದಂತಾದವು. ಹಾಡುಗಳ ಹಕ್ಕುಸ್ವಾಮ್ಯದ ತಕರಾರು ಅದಕ್ಕೆ ಕಾರಣ. ಆಕಾಶದ ಅಲೆಗೆ ಗಡಿ ಗೊತ್ತಿರಲಿಲ್ಲ; ಪಾತಾಳದ ತಂತಿಗೆ ಚೆನ್ನಾಗಿ ಗೊತ್ತು. ಅಷ್ಟೇ ಅಲ್ಲ: ಹಳೆಯ ರೇಡಿಯೋ ಹಚ್ಚಿದವನು ಏನು ಕೇಳುತ್ತಿದ್ದಾನೆಂದು ಲಂಡನ್ನಿಗೂ ತಿಳಿಯುತ್ತಿರಲಿಲ್ಲ, ದಿಲ್ಲಿಗೂ ತಿಳಿಯುತ್ತಿರಲಿಲ್ಲ. ಜಾಲದ ಬಾನುಲಿಯಲ್ಲಿ ಕೇಳುಗನೇ ಕೈಯೆತ್ತಿ ಕೇಳಬೇಕು. ಯಾರು ಯಾವಾಗ ಎಷ್ಟು ಹೊತ್ತು ಕೇಳಿದರೆಂಬ ಲೆಕ್ಕ ಎಲ್ಲೋ ಒಂದು ಕಡೆ ದಾಖಲಾಗಿಯೇ ಆಗುತ್ತದೆ.

ನದಿ ಉಕ್ಕಿದಾಗ

ಇಷ್ಟೆಲ್ಲ ಸೌಕರ್ಯ ಬಂದ ಮೇಲೆ ಹಳೆಯ ರೇಡಿಯೋ ಪೆಟ್ಟಿಗೆಯನ್ನು ಗುಜರಿಗೆ ಹಾಕಬಹುದೆಂದು ಅನೇಕರ ಅಭಿಪ್ರಾಯ. ಕೆಲವು ದೇಶಗಳೂ ಹೀಗೆಯೇ ಯೋಚಿಸಿವೆ. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನು ನಿಲ್ಲಿಸಿ ಅಂಕೀಯ ಬಾನುಲಿಗೆ ಹೊರಳಿತು. ದಶಕಗಳ ಕಾಲ ಉತ್ತರ ಭಾರತದ ಹಳ್ಳಿಗಳನ್ನು ಮುಟ್ಟಿದ್ದ ಬಿಬಿಸಿಯ ಹಿಂದೀ ಹ್ರಸ್ವತರಂಗ ಪ್ರಸಾರ 2020ರ ಜನವರಿ ಕೊನೆಗೆ ಮುಗಿದುಹೋಯಿತು.

ಭೀಮಾತೀರದವರು ಮಾತ್ರ ಈ ವಿಚಾರದಲ್ಲಿ ಎರಡು ಸಲ ಆಲೋಚಿಸಬೇಕು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಈ ನದಿ ಬೇಸಿಗೆಯಲ್ಲಿ ಬಡಕಲು. ಮೇಲಿನ ಉಜನಿ ಜಲಾಶಯ ತುಂಬಿ ಬಾಗಿಲು ತೆರೆದರೆಂದರೆ ಭೈರವಿ. 2020ರ ಅಕ್ಟೋಬರಿನಲ್ಲಿ ಅಂಥ ಮಹಾಪೂರ ಬಂದಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು, ಸೇತುವೆಗಳು ಮುಳುಗಿದವು, ಕೈಗೆ ಬಂದ ಬೆಳೆ ನೀರುಪಾಲಾಯಿತು, ಜನ ಮನೆ ಬಿಟ್ಟು ಆಶ್ರಯಕೇಂದ್ರಗಳಿಗೆ ಹೋಗಬೇಕಾಯಿತು.

ಇಂಥ ರಾತ್ರಿಗಳಲ್ಲಿ ಯಾವ ಬಾನುಲಿ ಉಳಿಯುತ್ತದೆ? ವಿದ್ಯುತ್ತು ಹೋಯಿತೆಂದರೆ ಮೊಬೈಲ್ ಗೋಪುರ ತನ್ನ ಬ್ಯಾಟರಿಯ ಬಲದಿಂದ ಕೆಲವು ತಾಸು ಉಸಿರಾಡೀತು. ಆಮೇಲೆ ಅದೂ ಮೌನ. ಗೋಪುರ ಮೂಕವಾದ ಮೇಲೆ ನ್ಯೂಜಿಲೆಂಡಿನ ಹಕ್ಕಿಯೂ ಇಲ್ಲ, ತಹಸೀಲ್ದಾರರ ಎಚ್ಚರಿಕೆಯೂ ಇಲ್ಲ. ಎರಡು ಸೆಲ್ಲುಗಳ ಟ್ರಾನ್ಸಿಸ್ಟರು ಆಗಲೂ ನುಡಿಯುತ್ತದೆ. ಹತ್ತಾರು ಮೈಲಿ ಆಚೆ, ನೆರೆಯ ನೀರು ಮುಟ್ಟದ ಪಟ್ಟಣದಲ್ಲಿ ಪ್ರೇಷಕ ಕಂಬವೊಂದು ನಿಂತಿದ್ದರೆ ಸಾಕು. ಸಾವಿರ ಜನ ಕೇಳಿದರೂ ಲಕ್ಷ ಜನ ಕೇಳಿದರೂ ಅದಕ್ಕೆ ಒಂದೇ ಶ್ರಮ. ಜಾಲದ ಬಾನುಲಿಗೆ ಕೇಳುಗರು ಹೆಚ್ಚಿದಷ್ಟೂ ಭಾರ ಹೆಚ್ಚುತ್ತದೆ; ಎಲ್ಲರೂ ಒಟ್ಟಿಗೆ ಕೇಳಬೇಕಾದ ಗಳಿಗೆಯಲ್ಲೇ ಅದು ಕುಸಿಯುವ ಸಂಭವ ಅಧಿಕ.

ಇದು ಬಡದೇಶದ ಅಳಲು ಮಾತ್ರವಲ್ಲ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಎರಗಿದಾಗ ಬಿಬಿಸಿಯವರು ಹಳತೆಂದು ಮೂಲೆಗೆ ಸರಿಸಿದ್ದ ಹ್ರಸ್ವತರಂಗವನ್ನು ಮತ್ತೆ ಕೈಗೆತ್ತಿಕೊಂಡು ಆ ನಾಡಿಗಾಗಿ ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ ಏರ್ಪಡಿಸಿದರು. ಹೊಸ ಗಂಡನ ಜೊತೆ ಹಳೆಯ ಕೊಡಲಿಯೂ ಮನೆಯಲ್ಲಿರಲಿ ಎಂಬುದು ರೈತನಿಗೆ ಗೊತ್ತಿರುವ ವಿವೇಕವೇ. ಕಟ್ಟಿಗೆ ಸೀಳುವ ಯಂತ್ರ ಬಂದ ಮಾತ್ರಕ್ಕೆ ಅವನು ಕೊಡಲಿಯನ್ನು ಹೊಳೆಗೆ ಎಸೆಯುವುದಿಲ್ಲ.

ಲೋಕ ನಮ್ಮನ್ನು ಕೇಳುತ್ತಿದೆಯೆ?

ಇನ್ನೊಂದು ಮಾತು ಇದಕ್ಕಿಂತ ಗಹನವಾದದ್ದು. ಲೋಕವನ್ನೆಲ್ಲ ಕೇಳುವ ನಾವು ಲೋಕಕ್ಕೆ ಏನನ್ನು ಕೇಳಿಸುತ್ತಿದ್ದೇವೆ? ಭೂಗೋಳದ ಮೇಲೆ ಹಸಿರು ಚುಕ್ಕಿಗಳು ಎಲ್ಲೆಡೆ ಒಂದೇ ಸಮನಾಗಿಲ್ಲ. ಯುರೋಪಿನಲ್ಲಿ ಅವು ರಾಗಿ ಚೆಲ್ಲಿದಂತಿವೆ. ಹಿಂದುಳಿದ ನಾಡುಗಳಲ್ಲಿ ಬಲು ವಿರಳ. ಚುಕ್ಕಿಯಿಲ್ಲದ ಊರು ಆ ಗೋಳದ ಮಟ್ಟಿಗೆ ಮೂಕ.

ಈ ದೃಷ್ಟಿಯಿಂದ ಕಲಬುರಗಿಯ ಆಕಾಶವಾಣಿ ನಿಲಯದ ಬೆಲೆ ಮೊದಲಿಗಿಂತ ಈಗ ಹೆಚ್ಚು. ದಿಲ್ಲಿಯ ವಾರ್ತೆಯನ್ನು ಯಾರು ಬೇಕಾದರೂ ಓದಬಲ್ಲರು. ತೊಗರಿಗೆ ಬಿದ್ದ ಹುಳುವಿನ ಮಾತು, ತತ್ವಪದ, ಬೀಸುಕಲ್ಲಿನ ಪದ, ಉರ್ದೂ ಮರಾಠಿಗಳ ನೆರೆಯಲ್ಲಿ ಬೆಳೆದ ಈ ಸೀಮೆಯ ಗಟ್ಟಿ ಕನ್ನಡ, ಇವನ್ನು ಈ ಸೀಮೆಯ ನಿಲಯವಲ್ಲದೆ ಬೇರಾರೂ ಕೇಳಿಸಲಾರರು. ಮೊದಲು ಆ ದನಿ ಪ್ರೇಷಕ ಕಂಬದ ಅಳತೆಯಷ್ಟೇ ದೂರ ಹೋಗುತ್ತಿತ್ತು. ಈಗ ಅದು ಪುಣೆಯ ಕಟ್ಟಡದ ಕೆಲಸದಲ್ಲಿರುವ ಕಾರ್ಮಿಕನಿಗೂ, ಸೊಲ್ಲಾಪುರಕ್ಕೆ ಕೊಟ್ಟ ಮಗಳಿಗೂ, ಷಿಕಾಗೋದಲ್ಲಿರುವ ಯಂತ್ರಶಿಲ್ಪಿಗೂ ಏಕಕಾಲದಲ್ಲಿ ತಲಪಬಲ್ಲದು. ಹೊರನಾಡಿಗೆ ಹೋದವನಿಗೆ ಊರಿನ ಮಾತಿನ ಎಳೆ ಕಡಿಯದಂತೆ ಕಾಯುವ ಶಕ್ತಿ ಇದಕ್ಕಿದೆ.

ಸಣ್ಣ ಊರು ತನ್ನ ದನಿಯನ್ನು ತಾನೇ ಎತ್ತಿದ ನಿದರ್ಶನಗಳೂ ದೂರದಲ್ಲಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಪ್ರಯತ್ನ ಈ ಶತಮಾನದ ಪ್ರಾರಂಭದಲ್ಲಿಯೇ ನಡೆಯಿತು. ಗಾಳಿಯಲ್ಲಿ ಪ್ರಸಾರ ಮಾಡಲು ಅಪ್ಪಣೆಯಿಲ್ಲದ್ದರಿಂದ ಅವರು ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಬೀದರಿನ ಗಡಿಯಾಚೆ, ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ನಡೆಸುವ ಸಮುದಾಯ ಬಾನುಲಿ ಹೆಸರುವಾಸಿಯಾಯಿತು. ಸಿರಿಧಾನ್ಯದ ಬೇಸಾಯ, ನಾಟಿಮದ್ದು, ಹಬ್ಬದ ಹಾಡು ಅವರ ಬಂಡವಾಳ. ಕಾಲೇಜಿನ ಮೆಟ್ಟಿಲು ಹತ್ತದವರು ಮೈಕಿನ ಮುಂದೆ ಕುಳಿತು ತಮ್ಮ ಬಾಳನ್ನು ತಮ್ಮ ನುಡಿಯಲ್ಲಿ ಹೇಳಿದರು.

ಮನೆಮಂದಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೆ. ಮಕ್ಕಳ ಕೈಯಲ್ಲಿ ಮೊಬೈಲು ಹೇಗೂ ಇರುತ್ತದೆ. ಅದನ್ನು ನೋಡುವ ಬದಲು ಕೆಲಹೊತ್ತು ಕೇಳಲು ಹಚ್ಚಿದರೆ ಕಣ್ಣಿಗೆ ವಿಶ್ರಾಂತಿ, ಕಲ್ಪನೆಗೆ ಕೆಲಸ. ಭೂಪಟ ಬಿಡಿಸಿಟ್ಟು ವಾರಕ್ಕೊಂದು ಊರನ್ನು ಕೇಳುವ ನಿಯಮ ಮಾಡಿಕೊಂಡರೆ ವರ್ಷದಲ್ಲಿ 52 ಊರುಗಳ ಪರಿಚಯವಾದೀತು. ಆದರೆ ಮನೆಯ ಅಟ್ಟದಲ್ಲೊಂದು ಸೆಲ್ಲಿನ ಟ್ರಾನ್ಸಿಸ್ಟರು ಸುಸ್ಥಿತಿಯಲ್ಲಿರಲಿ. ದೂರದ ಐವತ್ತೊಂದು ಊರು ಕೇಳಿದ ಮೇಲೆ ಐವತ್ತೆರಡನೆಯದು ನಮ್ಮ ಜಿಲ್ಲೆಯ ನಿಲಯವೇ ಆಗಲಿ. ಅಲ್ಲಿ ಒಳ್ಳೆಯ ಕಾರ್ಯಕ್ರಮವೊಂದು ಕೇಳಿಸಿದರೆ ಮೆಚ್ಚಿ ಎರಡು ಸಾಲು ಬರೆದುಹಾಕುವ ಹಳೆಯ ಪದ್ಧತಿಯನ್ನು ಬಿಡಬಾರದು. ಯಾರೂ ಕೇಳುತ್ತಿಲ್ಲವೆಂದು ತೋರಿದ ನಿಲಯಕ್ಕೆ ಬೀಗ ಬೀಳಲು ತಡವಾಗುವುದಿಲ್ಲ. ಯಾರೋ ಕೇಳುತ್ತಿದ್ದಾರೆಂಬುದಕ್ಕೆ ಒಂದು ಕಾಗದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.